ಡಿವಿಡಿ ಓಡದಿದ್ದರೆ ಮೊದಲು ಎಲ್ಲಿ ನೋಡಬೇಕು?

ಕಂಪ್ಯೂಟರಿಗೆ ಹಾಕಿದ ಡಿವಿಡಿ ಓಡಲಿಲ್ಲ ಎಂದ ಮಾತ್ರಕ್ಕೆ ಅದು ಹಾಳಾಗಿದೆ ಎಂದು ಕಸಕ್ಕೆ ಹಾಕಬೇಡಿ. ಓಡದಿರಲು ಕಾರಣಗಳು ಹಲವು. ಡ್ರೈವ್ ಸೋತಿರಬಹುದು, ಡಿವಿಡಿ ತೋರಿಸುವ ತಂತ್ರಾಂಶವೇ ಕಂಪ್ಯೂಟರಿನಲ್ಲಿ ಇಲ್ಲದಿರಬಹುದು, ಡಿಸ್ಕಿನ ಮೇಲೆ ಬೆರಳಿನ ಜಿಡ್ಡು ಕೂತಿರಬಹುದು, ರೆಕಾರ್ಡ್ ಮಾಡಿದವರು ಕೊನೆಯ ಹಂತವನ್ನು ಮುಗಿಸದೆ ಕೊಟ್ಟಿರಬಹುದು. ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ, ಕಾಸು ಖರ್ಚಿಲ್ಲದೆ ಸರಿಪಡಿಸಿಕೊಳ್ಳಬಹುದು. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬ ಕ್ರಮ ಗೊತ್ತಿದ್ದರೆ ಸಾಕು.

ಹಳೆಯ ತಂತ್ರಜ್ಞಾನದ ಬಗ್ಗೆ ಈಗೇಕೆ ಮಾತು ಎನ್ನಬೇಡಿ. ಡಿವಿಡಿ ಪ್ಲೇಯರುಗಳು ಜಪಾನಿನ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ನಮ್ಮಲ್ಲಿ ಅವು ಮನೆಮನೆ ಹೊಕ್ಕದ್ದು ಅದಾಗಿ ಹತ್ತು ವರ್ಷಗಳ ಆಸುಪಾಸಿನಲ್ಲಿ. 2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ತೊಡಗಿತು. ಅದೇ ಕಾಲದಲ್ಲಿ ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ರಾತ್ರಿಯಿಡೀ ನಡೆದ ಯಕ್ಷಗಾನ ಎಲ್ಲವನ್ನೂ ವಿಡಿಯೊದವರು ಡಿವಿಡಿಯಲ್ಲೇ ಕೊಡುತ್ತಿದ್ದರು. ಸಿನಿಮಾ ಬೇರೆಲ್ಲಾದರೂ ಸಿಕ್ಕೀತು. ತೀರಿಹೋದ ಅಜ್ಜ ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಾಕಿದ ದೃಶ್ಯ ಆ ಒಂದು ಡಿಸ್ಕಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಟಿವಿಯ ಕೆಳಗಿದ್ದ ಪ್ಲೇಯರ್ ಗುಜರಿಗೆ ಹೋಗಿದೆ, ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹಾಗಾಗಿ ಈಗ ಉಳಿದಿರುವ ದಾರಿ ಒಳಗೆ ಡ್ರೈವ್ ಇರುವ ಅಥವಾ ಹೊರಗಿನ ಡ್ರೈವ್ ಸಿಕ್ಕಿಸಿದ ಕಂಪ್ಯೂಟರೇ.

ಡ್ರೈವ್ ಡಿಸ್ಕನ್ನು ಕಾಣುತ್ತಿದೆಯೇ?

ಡಿಸ್ಕ್ ಹಾಕಿ, ಟ್ರೇ ಮುಚ್ಚಿ, ಅರ್ಧ ನಿಮಿಷ ಕಾಯಿರಿ. ಡಿಸ್ಕ್ ತಿರುಗುವ ಸದ್ದು ಕೇಳಬೇಕು. ವಿಂಡೋಸ್‌ನ ದಿಸ್ ಪಿಸಿ ಕಿಟಕಿಯಲ್ಲಿ ಡ್ರೈವಿನ ಚಿಹ್ನೆಯೂ ಡಿಸ್ಕಿನ ಹೆಸರೂ ಕಾಣಬೇಕು. ಡ್ರೈವಿನ ಚಿಹ್ನೆಯೇ ಇಲ್ಲದಿದ್ದರೆ ಡಿಸ್ಕನ್ನು ದೂರಬೇಡಿ. ತೊಂದರೆ ಡ್ರೈವಿನಲ್ಲೋ ಅದರ ಸಂಪರ್ಕದಲ್ಲೋ ಇದೆ.

ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡ್ರೈವ್ ಆಗಿದ್ದರೆ ಮೊದಲ ಅನುಮಾನ ವಿದ್ಯುತ್ತಿನ ಮೇಲೆ. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್ ಮಾತ್ರ. ಡಿಸ್ಕ್ ತಿರುಗಲು ಶುರುವಾಗುವ ಹೊತ್ತಿಗೆ ಎಷ್ಟೋ ಡ್ರೈವುಗಳಿಗೆ ಅದು ಸಾಲುವುದಿಲ್ಲ. ತಿರುಗಿ, ನಿಂತು, ಮತ್ತೆ ತಿರುಗಿ, ಕಟಕಟ ಸದ್ದು ಮಾಡುತ್ತವೆ. ಹಬ್ ಮೂಲಕ ಸಿಕ್ಕಿಸಿದ್ದರೆ ತೆಗೆದು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟುಗಳನ್ನು ಬಳಸಿ. ಡ್ರೈವಿನ ಕೇಬಲ್ಲಿಗೆ ಎರಡು ಯುಎಸ್‌ಬಿ ತುದಿಗಳಿದ್ದರೆ ಎರಡನ್ನೂ ಸಿಕ್ಕಿಸಬೇಕು. ಡೆಸ್ಕ್‌ಟಾಪಿನ ಒಳಗಿರುವ ಡ್ರೈವ್ ಆದರೆ ವಿದ್ಯುತ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಸಾಟಾ ಕೇಬಲ್ ಸಡಿಲವಾಗಿದೆಯೇ ನೋಡಿ.

ಆಮೇಲೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡ್ರೈವಿನ ಹೆಸರಿನ ಪಕ್ಕ ಹಳದಿ ಗುರುತಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮರುಚಾಲೂ ಮಾಡಿ. ವಿಂಡೋಸ್ ತಾನಾಗಿ ಅದನ್ನು ಮತ್ತೆ ಗುರುತಿಸಿಕೊಳ್ಳುತ್ತದೆ. ಹಾಗೆ ಮಾಡಿದರೂ ಕೋಡ್ 19 ಅಥವಾ 39 ಎಂಬ ಸೂಚನೆ ಬರುತ್ತಿದ್ದರೆ, ಹಿಂದೆಂದೋ ಹಾಕಿ ತೆಗೆದ ಸಿಡಿ ಬರ್ನಿಂಗ್ ತಂತ್ರಾಂಶ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ನಮೂದುಗಳನ್ನು ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ರಿಜಿಸ್ಟ್ರಿಗೆ ಕೈ ಹಾಕುವ ಕೆಲಸವನ್ನು ಗೊತ್ತಿದ್ದವರಿಂದಲೇ ಮಾಡಿಸಿ.

ಡ್ರೈವ್ ಕಾಣುತ್ತಿದೆ, ಡಿಸ್ಕ್ ಮಾತ್ರ ಕಾಣುತ್ತಿಲ್ಲ ಎಂದಾದರೆ ಬೇರೆ ಡಿಸ್ಕುಗಳನ್ನು ಹಾಕಿ ನೋಡಿ. ಹಾಡಿನ ಒಂದು ಸಿಡಿ, ಅಂಗಡಿಯಿಂದ ತಂದ ಒಂದು ಸಿನಿಮಾ ಡಿವಿಡಿ, ಸ್ಟುಡಿಯೊದವರು ಬರೆದುಕೊಟ್ಟ ಒಂದು ಡಿವಿಡಿ, ಹೀಗೆ ಮೂರೂ ಬಗೆಯವು ಇರಲಿ. ಸಿಡಿ ಓದಲು 780 ನ್ಯಾನೊಮೀಟರಿನ ಲೇಸರ್ ಬೇಕು, ಡಿವಿಡಿ ಓದಲು 650 ನ್ಯಾನೊಮೀಟರಿನ ಕೆಂಪು ಲೇಸರ್ ಬೇಕು. ಆದ್ದರಿಂದ ಸಿಡಿಗಳೆಲ್ಲ ಓಡಿ ಡಿವಿಡಿಗಳು ಒಂದೂ ಓಡದಿದ್ದರೆ ಡ್ರೈವಿನ ಡಿವಿಡಿ ಲೇಸರ್ ಸೋತಿದೆ ಎಂದು ತಿಳಿಯಬಹುದು. ಸಿನಿಮಾ ಡಿವಿಡಿ ಓಡಿ, ಬರೆದ ಡಿವಿಡಿ ಮಾತ್ರ ಓಡದಿದ್ದರೂ ಅನುಮಾನ ಅಲ್ಲಿಗೇ. ಬರೆದ ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತವೆ. ಹಳೆಯ ಲೇಸರಿಗೆ ಅದು ಸಾಲದು. ಇಂಥ ಡಿಸ್ಕನ್ನು ನೆಂಟರ ಮನೆಯದೋ ಸ್ನೇಹಿತರದೋ ಇನ್ನೊಂದು ಡ್ರೈವಿಗೆ ಹಾಕಿ ನೋಡದೆ ಸತ್ತಿದೆ ಎನ್ನಬೇಡಿ.

ಕಾಣುತ್ತಿದೆ, ಓಡುತ್ತಿಲ್ಲ

ಡಿಸ್ಕಿನ ಹೆಸರು ಕಾಣುತ್ತಿದೆ, ಒತ್ತಿದರೆ ಏನೂ ಆಗುತ್ತಿಲ್ಲ, ಅಥವಾ ಕೋಡೆಕ್ ಇಲ್ಲ ಎಂಬ ಸೂಚನೆ ಬರುತ್ತಿದೆ. ಇಲ್ಲಿ ತಪ್ಪು ಡಿಸ್ಕಿನದೂ ಅಲ್ಲ, ಡ್ರೈವಿನದೂ ಅಲ್ಲ. ಡಿವಿಡಿಯ ಚಿತ್ರ ಎಂಪೆಗ್-2 ಎಂಬ ರೂಪದಲ್ಲಿ ಅಡಕವಾಗಿರುತ್ತದೆ. ಅದನ್ನು ಬಿಡಿಸಿ ತೋರಿಸುವ ತಂತ್ರಾಂಶ ವಿಂಡೋಸ್ 7ರ ಹೋಮ್ ಪ್ರೀಮಿಯಂ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿ ಸೇರಿಯೇ ಬರುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೊಸಾಫ್ಟ್ ಅದನ್ನು ಕೈಬಿಟ್ಟಿತು. ಪ್ರತಿ ಕಂಪ್ಯೂಟರಿಗೂ ಪೇಟೆಂಟ್ ಶುಲ್ಕ ತೆರಬೇಕಿತ್ತು, ಡಿವಿಡಿ ನೋಡುವವರೂ ಕಡಿಮೆಯಾಗುತ್ತಿದ್ದರು. ವಿಂಡೋಸ್ 10ರಲ್ಲಿ ಮೈಕ್ರೊಸಾಫ್ಟ್ ಸ್ಟೋರಿನಿಂದ ಡಿವಿಡಿ ಪ್ಲೇಯರನ್ನು ಕಾಸು ಕೊಟ್ಟು ಕೊಳ್ಳಬೇಕಾಯಿತು. ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಡಿವಿಡಿ ಹೊಸದರಲ್ಲಿ ಓಡದಿದ್ದರೆ ಬಹುಪಾಲು ಕಾರಣ ಇದೇ.

ಕಾಸು ಕೊಡುವ ಅಗತ್ಯವಿಲ್ಲ. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿಕೊಳ್ಳಿ. ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಯೋಜನೆಯಿಂದ ಹುಟ್ಟಿದ ತಂತ್ರಾಂಶ ಇದು. 2001ರಿಂದ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಸಿಗುತ್ತಿದೆ. ಡಿವಿಡಿ ನೋಡಲು ಬೇಕಾದ ಎಲ್ಲವೂ ಅದರೊಳಗೇ ಇದೆ. ವಿಡಿಯೊಲ್ಯಾನ್ ಡಾಟ್ ಆರ್ಗ್ ಎಂಬ ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. 2022ರಲ್ಲಿ ಕೆಲವು ತಿಂಗಳು ಭಾರತದಲ್ಲಿ ಈ ತಾಣ ತೆರೆಯುತ್ತಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ತಡೆ ತೆರವಾಗಿದೆ. ಕೋಡೆಕ್ ಪ್ಯಾಕ್, ಡಿವಿಡಿ ಡ್ರೈವರ್ ಎಂದೆಲ್ಲ ಆಸೆ ಹುಟ್ಟಿಸುವ ಗುರುತು ಪರಿಚಯವಿಲ್ಲದ ತಾಣಗಳ ಕಡೆ ತಲೆ ಹಾಕಬೇಡಿ. ಅಲ್ಲಿಂದ ವೈರಸ್ ಬರುವ ಸಾಧ್ಯತೆಯೇ ಹೆಚ್ಚು.

ವಿಎಲ್‌ಸಿಯಲ್ಲಿ ಮೀಡಿಯಾ ಮೆನು ತೆರೆದು ಓಪನ್ ಡಿಸ್ಕ್ ಒತ್ತಿ, ಡಿವಿಡಿ ಆರಿಸಿ, ಪ್ಲೇ ಮಾಡಿ. ಹೂವು, ಹೃದಯಗಳ ನಡುವೆ ವಧೂವರರ ಹೆಸರು ಮಿನುಗುವ ಮೆನುವಿನಲ್ಲೇ ಚಿತ್ರ ನಿಂತುಬಿಟ್ಟರೆ ಅದೇ ಕಿಟಕಿಯಲ್ಲಿ ನೋ ಡಿಸ್ಕ್ ಮೆನೂಸ್ ಎಂಬ ಚೌಕಕ್ಕೆ ಗುರುತು ಹಾಕಿ ಮತ್ತೆ ಓಡಿಸಿ. ಮೆನುವನ್ನು ದಾಟಿ ನೇರವಾಗಿ ವಿಡಿಯೊ ಶುರುವಾಗುತ್ತದೆ.

ಕೆಲವೊಮ್ಮೆ ಕೈಯಲ್ಲಿರುವುದು ಡಿವಿಡಿಯೇ ಆಗಿರುವುದಿಲ್ಲ. ಡಿಸ್ಕಿನೊಳಗೆ ಎಂಪೆಗ್‌ಎವಿ ಎಂಬ ಫೋಲ್ಡರ್, ಅದರಲ್ಲಿ ಡಿಎಟಿ ಎಂದು ಕೊನೆಯಾಗುವ ಕಡತಗಳು ಇದ್ದರೆ ಅದು ವಿಸಿಡಿ. ಆ ಕಡತವನ್ನೇ ಎಳೆದು ವಿಎಲ್‌ಸಿಗೆ ಹಾಕಿದರೆ ಸಾಕು. ಚಿತ್ರ ಮಸುಕಾಗಿ ಕಂಡರೆ ಗಾಬರಿಯಾಗಬೇಡಿ. ವಿಸಿಡಿಯ ಚಿತ್ರ ಇರುವುದೇ 352 ಅಡ್ಡ, 288 ಉದ್ದದ ಚುಕ್ಕಿಗಳಷ್ಟು.

ಖಾಲಿ ಎಂದು ತೋರಿಸುವ ಡಿಸ್ಕ್

ಇದೊಂದು ಕಡೆ ಎಚ್ಚರ ತಪ್ಪಿದರೆ ಇರುವುದನ್ನೂ ಕಳೆದುಕೊಳ್ಳಬಹುದು. ತುಂಬಿದ ಡಿಸ್ಕ್ ಎಂದು ನಿಮಗೆ ಗೊತ್ತು. ಆದರೂ ಕಂಪ್ಯೂಟರ್ ಅದನ್ನು ಖಾಲಿ ಎನ್ನುತ್ತದೆ, ಹೇಗೆ ಬಳಸಬೇಕು ಎಂದು ಕೇಳಿ ಫಾರ್ಮ್ಯಾಟ್ ಮಾಡಲು ಹೊರಡುತ್ತದೆ. ಬೇಡ ಎಂದು ಕ್ಯಾನ್ಸಲ್ ಒತ್ತಿ ಡಿಸ್ಕ್ ಹೊರತೆಗೆಯಿರಿ.

ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಕೆಳಮೈ ನೋಡಿ. ಅಂಗಡಿಯ ಸಿನಿಮಾ ಡಿಸ್ಕ್ ಬೆಳ್ಳಿಯಂತೆ ಹೊಳೆಯುತ್ತದೆ. ಬರೆದ ಡಿಸ್ಕಿಗೆ ನೇರಳೆ ಛಾಯೆ ಇರುತ್ತದೆ. ಆ ನೇರಳೆಯಲ್ಲಿ ನಡುವಿನ ತೂತಿನ ಕಡೆಯಿಂದ ಶುರುವಾಗಿ ಹೊರಗೆ ಒಂದು ಕಡೆ ನಿಂತುಬಿಟ್ಟ ಬೇರೆ ಬಣ್ಣದ ಉಂಗುರ ಕಾಣುತ್ತದೆ. ಲೇಸರ್ ಸುಟ್ಟು ಬರೆದ ಭಾಗ ಅದು. ಬರಹ ಒಳಗಿನಿಂದ ಹೊರಗೆ ಹೋಗುವುದರಿಂದ ಉಂಗುರ ಎಷ್ಟು ಅಗಲವಿದೆಯೋ ಅಷ್ಟು ವಿಡಿಯೊ ಡಿಸ್ಕಿನಲ್ಲಿದೆ. ಉಂಗುರ ಕಂಡರೆ ಡಿಸ್ಕ್ ಖಾಲಿಯಲ್ಲ. ಬರೆದಾದ ಮೇಲೆ ಮಾಡಬೇಕಾದ ಫೈನಲೈಸ್ ಎಂಬ ಕೆಲಸವನ್ನು ಯಾರೋ ಬಿಟ್ಟಿದ್ದಾರೆ. ನೇರವಾಗಿ ಚಿಕ್ಕ ಡಿವಿಡಿಗೆ ಬರೆಯುವ ಕ್ಯಾಮ್‌ಕಾರ್ಡರುಗಳಲ್ಲಿ ಇದು ಹೆಚ್ಚು. ಬರೆದ ಉಪಕರಣ ಇನ್ನೂ ಇದ್ದರೆ ಅದರಲ್ಲೇ ಹಾಕಿ ಫೈನಲೈಸ್ ಮಾಡಿ. ಇಲ್ಲದಿದ್ದರೆ ಐಸೊಬಸ್ಟರ್‌ನಂಥ ತಂತ್ರಾಂಶ ಇಂಥ ಡಿಸ್ಕಿನೊಳಗಿನ ವಿಡಿಯೊವನ್ನು ಹುಡುಕಿ ತೆಗೆಯಬಲ್ಲದು.

ನಿಂತು ನಿಂತು ಓಡಿದರೆ

ಚಿತ್ರ ಚೌಕಚೌಕವಾಗಿ ಒಡೆಯುವುದು, ಒಂದೇ ಜಾಗದಲ್ಲಿ ನಿಲ್ಲುವುದು, ಮಾತು ತಡವರಿಸುವುದು ಇವೆಲ್ಲ ಸಾಮಾನ್ಯವಾಗಿ ಕೊಳೆ ಅಥವಾ ಗೀರಿನ ಲಕ್ಷಣ. ಡಿವಿಡಿಯ ದಪ್ಪ 1.2 ಮಿಲಿಮೀಟರ್. 0.6 ಮಿಲಿಮೀಟರಿನ ಎರಡು ಪಾಲಿಕಾರ್ಬೊನೇಟ್ ಹಾಳೆಗಳ ನಡುವೆ ಮಾಹಿತಿಯ ಪದರ ಇರುತ್ತದೆ. ಕೆಳಮೈಯ ಸಣ್ಣ ಗೀರು ಆ ಪದರವನ್ನು ಮುಟ್ಟಿರುವುದಿಲ್ಲ. ಲೇಸರಿನ ದಾರಿಯನ್ನು ಮಾತ್ರ ಕೆಡಿಸುತ್ತದೆ. ಕಳೆದುಹೋದ ಮಾಹಿತಿಯನ್ನು ಲೆಕ್ಕ ಹಾಕಿ ತುಂಬಿಕೊಳ್ಳುವ ವ್ಯವಸ್ಥೆಯೂ ಡಿವಿಡಿಯಲ್ಲಿದೆ. ಸುರುಳಿಯ ಉದ್ದಕ್ಕೆ ಸುಮಾರು 6 ಮಿಲಿಮೀಟರಿನಷ್ಟು ಹಾಳಾದರೂ ಅದು ನಿಭಾಯಿಸುತ್ತದೆ.

ಒರೆಸುವ ರೀತಿಗೂ ಇದಕ್ಕೂ ಸಂಬಂಧವಿದೆ. ಡಿವಿಡಿಯ ಮಾಹಿತಿ ಚಕ್ಕುಲಿಯಂತೆ ನಡುವಿನಿಂದ ಸುತ್ತುತ್ತಾ ಹೊರಗೆ ಬರುತ್ತದೆ. ತಟ್ಟೆ ತೊಳೆದಂತೆ ಗುಂಡಗೆ ತಿಕ್ಕಿದರೆ ಬೀಳುವ ಗೀರು ಸುರುಳಿಯ ಜತೆಗೇ ಉದ್ದಕ್ಕೂ ಸಾಗಿ ಸರಿಪಡಿಸಲಾಗದಷ್ಟು ಮಾಹಿತಿಯನ್ನು ಕೆಡಿಸುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದರೆ ಗೀರು ಬಿದ್ದರೂ ಸುರುಳಿಯನ್ನು ಅಡ್ಡ ಹಾಯುತ್ತದೆ, ಪ್ರತಿ ಸುತ್ತಿನಲ್ಲೂ ಕೆಡುವುದು ಕೂದಲೆಳೆಯಷ್ಟು. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಸಾಕು. ಜಿಡ್ಡು, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಕೂರುವ ಬೂಷ್ಟು ಹೋಗದಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಸೀರೆಯ ಸೆರಗು, ಟಿಶ್ಯೂ ಕಾಗದ, ಪೆಟ್ರೋಲು, ಥಿನ್ನರ್ ಬೇಡ. ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಉಪಾಯ ಬಹಳ ಜನರಿಗೆ ಗೊತ್ತು. ಅದು ಗೀರಿನ ಅಂಚನ್ನು ಸವೆಸುವುದು ನಿಜ, ಹೊಸ ಗೀರು ಹಾಕುವುದೂ ನಿಜ. ಇರುವ ಒಂದೇ ಡಿಸ್ಕಿನ ಮೇಲೆ ಆ ಪ್ರಯೋಗ ಖಂಡಿತ ಬೇಡ.

ಸಿನಿಮಾ ಡಿವಿಡಿ ನಡುವೆ ಒಮ್ಮೆ ಮಾತ್ರ ಕ್ಷಣಕಾಲ ನಿಂತು ಮುಂದುವರಿದರೆ ಅದು ದೋಷವಲ್ಲ. 8.5 ಜಿಬಿಯ ಡಿಸ್ಕಿನಲ್ಲಿ ಎರಡು ಪದರಗಳಿದ್ದು, ಲೇಸರ್ ಒಂದರಿಂದ ಇನ್ನೊಂದಕ್ಕೆ ಹೊರಳುವ ಹೊತ್ತು ಅದು.

ಓಡುವಾಗ ಕಾಣುವ ಇನ್ನು ಕೆಲವು ತೊಂದರೆಗಳಿಗೆ ವಿಎಲ್‌ಸಿಯಲ್ಲೇ ಪರಿಹಾರವಿದೆ. ಯಾರಾದರೂ ಕೈ ಆಡಿಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆಗಳು ಕಂಡರೆ ವಿಡಿಯೊ ಮೆನುವಿನಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ. ಹಳೆಯ ಕ್ಯಾಮೆರಾಗಳು ಪ್ರತಿ ಚಿತ್ರವನ್ನು ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು. ಆ ಎರಡನ್ನು ಹೊಂದಿಸುವ ಕೆಲಸ ಇದು. ಪರದೆ ಹಸಿರಾಗಿ ಅಥವಾ ಕಪ್ಪಾಗಿ, ಧ್ವನಿ ಮಾತ್ರ ಬಂದರೆ ಪ್ರಿಫರೆನ್ಸಸ್ ಒಳಗಿನ ಇನ್‌ಪುಟ್ ಕೋಡೆಕ್ಸ್ ಭಾಗದಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ನಿಲ್ಲಿಸಿ ನೋಡಿ. ಚಿತ್ರ ಬಂದು ಧ್ವನಿ ಬಾರದಿದ್ದರೆ ಆಡಿಯೊ ಮೆನುವಿನಲ್ಲಿ ಇನ್ನೊಂದು ಟ್ರ್ಯಾಕ್ ಆರಿಸಿ.

ಪರದೇಶದಿಂದ ಬಂದ ಡಿಸ್ಕ್

ಅಂಗಡಿಯ ಸಿನಿಮಾ ಡಿಸ್ಕುಗಳಿಗೆ ಪ್ರದೇಶದ ಬೀಗ ಇರುವುದುಂಟು. ಅಮೆರಿಕದ್ದು 1, ಯುರೋಪ್ ಮತ್ತು ಗಲ್ಫ್ ದೇಶಗಳದ್ದು 2, ಸಿಂಗಪುರದ್ದು 3, ಆಸ್ಟ್ರೇಲಿಯಾದ್ದು 4, ಭಾರತದ್ದು 5. ಅಮೆರಿಕದಿಂದ ಮಗ ತಂದ ಇಂಗ್ಲಿಷ್ ಸಿನಿಮಾ ಇಲ್ಲಿ ಓಡದಿದ್ದರೆ ಕಾರಣ ಇದಾಗಿರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಪ್ರಾಪರ್ಟೀಸ್ ತೆರೆದು ಪ್ರದೇಶ ಬದಲಾಯಿಸಬಹುದು. ಆದರೆ ಆ ಅವಕಾಶ ಇರುವುದು ಐದು ಸಲ ಮಾತ್ರ. ಕೊನೆಯ ಸಲ ಆರಿಸಿದ್ದಕ್ಕೆ ಡ್ರೈವ್ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಒಂದು ಸಿನಿಮಾಕ್ಕಾಗಿ ಅದನ್ನು ವ್ಯರ್ಥ ಮಾಡಬೇಡಿ.

ಮದುವೆಯ ಡಿವಿಡಿಗೆ ಇಂಥ ಬೀಗ ಇರುವುದಿಲ್ಲ. ಆದರೂ ಅಮೆರಿಕದಲ್ಲಿರುವ ಮಗಳಿಗೆ ಕಳಿಸಿದ ಡಿಸ್ಕ್ ಅಲ್ಲಿನ ಟಿವಿ ಪ್ಲೇಯರಿನಲ್ಲಿ ಓಡದಿರುವುದುಂಟು. ನಮ್ಮದು ಸೆಕೆಂಡಿಗೆ 25 ಚಿತ್ರಗಳ ಪಾಲ್ ಪದ್ಧತಿ, ಅವರದ್ದು ಎನ್‌ಟಿಎಸ್‌ಸಿ ಪದ್ಧತಿ. ಕಂಪ್ಯೂಟರಿಗೆ ಈ ಭೇದವಿಲ್ಲ, ಅದೇ ಡಿಸ್ಕನ್ನು ಕಂಪ್ಯೂಟರಿಗೆ ಹಾಕಲು ಹೇಳಿ.

ಓಡಿದ ದಿನವೇ ನಕಲು ಮಾಡಿ

ಇಷ್ಟೆಲ್ಲ ಮಾಡಿ ಡಿಸ್ಕ್ ಒಮ್ಮೆ ಓಡಿತು ಎಂದರೆ ಕೆಲಸ ಮುಗಿಯಲಿಲ್ಲ. ಬರೆದ ಡಿವಿಡಿಯಲ್ಲಿ ಮಾಹಿತಿ ನಿಂತಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಂಕಾಗುತ್ತಾ ಹೋಗುತ್ತದೆ. ಈ ವರ್ಷ ತಡವರಿಸುತ್ತಾ ಓಡಿದ್ದು ಮುಂದಿನ ವರ್ಷ ಓಡೀತೆಂಬ ಭರವಸೆ ಇಲ್ಲ. ಡಿಸ್ಕ್ ಓಡಿದ ದಿನವೇ, ಟ್ರೇಯಿಂದ ತೆಗೆಯುವ ಮೊದಲೇ, ನಕಲು ಮಾಡಿಕೊಳ್ಳಿ.

ಡಿಸ್ಕನ್ನು ತೆರೆದರೆ ವಿಡಿಯೊ_ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಒಳಗೆ ವಿಟಿಎಸ್_01_1, ವಿಟಿಎಸ್_01_2 ಎಂಬ ಹೆಸರಿನ, ವಿಒಬಿ ಎಂದು ಕೊನೆಯಾಗುವ ಕಡತಗಳಿರುತ್ತವೆ. ಒಂದೊಂದೂ ಹೆಚ್ಚೆಂದರೆ 1 ಜಿಬಿ. ವಿಡಿಯೊ ಇರುವುದು ಇವುಗಳಲ್ಲೇ. ಮೊದಲನೆಯದರಲ್ಲಿ ಹಿಂದಿನ ದಿನದ ದೇವರ ಸಮಾರಾಧನೆ ಇದ್ದರೆ ಮೂರನೆಯದರಲ್ಲಿ ಧಾರೆ ಇದ್ದೀತು. ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ನಕಲಿಸಿ. ನಡುವೆ ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಎಂಬ ದೋಷ ಬಂದು ಒಂದು ಕಡತದಲ್ಲಿ ನಿಂತರೆ ಕೈ ಚೆಲ್ಲಬೇಡಿ. ಆ ಒಂದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ನಕಲಿಸಿ. ಬಿಟ್ಟದ್ದನ್ನು ಒರೆಸಿದ ಮೇಲೆ ಅಥವಾ ಬೇರೆ ಡ್ರೈವಿನಲ್ಲಿ ಪ್ರಯತ್ನಿಸಿ. ಲಿನಕ್ಸ್ ಬಲ್ಲವರು ಹತ್ತಿರದಲ್ಲಿದ್ದರೆ ಡಿಡಿರೆಸ್ಕ್ಯೂ ಬಳಸಲು ಹೇಳಿ. ಅದು ಓದಲಾಗದ ಜಾಗವನ್ನು ದಾಟಿ ಉಳಿದದ್ದನ್ನೆಲ್ಲ ಎತ್ತಿಕೊಂಡು, ಆಮೇಲೆ ಬಿಟ್ಟ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದೆ. ಫೋನಿನಲ್ಲಿ ನೋಡಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಂಪಿ4 ಮಾಡಿಕೊಳ್ಳಬಹುದು. ಮೂಲ ಫೋಲ್ಡರನ್ನು ಮಾತ್ರ ಅಳಿಸಬೇಡಿ.

ಇದು ನಮ್ಮ ಮನೆಯ ಡಿಸ್ಕುಗಳ ಮಾತು. ಸಿನಿಮಾ ಡಿವಿಡಿಗಳಿಗೆ ನಕಲು ತಡೆಯುವ ಬೀಗ ಇರುತ್ತದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಆ ಬೀಗ ಮುರಿಯುವುದು ಅಪರಾಧ.

ಕಂಪ್ಯೂಟರಿನಲ್ಲಿ ಡ್ರೈವೇ ಇಲ್ಲದವರು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಥವಾ ತಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಹೊರಗಿನ ಯುಎಸ್‌ಬಿ ಡ್ರೈವ್ ಕೊಳ್ಳಬಹುದು. ನೆಂಟರು, ನೆರೆಹೊರೆಯವರು ಸೇರಿ ಒಂದನ್ನು ತಂದರೂ ಎಲ್ಲರ ಡಿಸ್ಕುಗಳನ್ನೂ ಉಳಿಸಿಕೊಳ್ಳಬಹುದು. ನಕಲನ್ನು ಒಂದೇ ಕಡೆ ಇಡಬೇಡಿ. ಒಂದು ಪ್ರತಿ ಮನೆಯ ಹಾರ್ಡ್‌ಡಿಸ್ಕಿನಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಕ್ಕಳ ಬಳಿಯೋ ಒಡಹುಟ್ಟಿದವರ ಬಳಿಯೋ ಇರಲಿ. ಡ್ರೈವುಗಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ, ಡಿಸ್ಕುಗಳಿಗೂ ವಯಸ್ಸಾಗುತ್ತಿದೆ. ದಯವಿಟ್ಟು ಮುಂದೆ ಹಾಕಬೇಡಿ, ಈ ವಾರವೇ ಮಾಡಿ.